ಭಜಿ ಕಟ್ಟಿದ ಕಾಗದ: ದುಬಲಗುಂಡಿಯ ಆನ್‌ಲೈನ್ ಸೆಂಟರಿನವರಿಗೆ ಒಂದು ಬಹಿರಂಗ ಪತ್ರ

ದುಬಲಗುಂಡಿ, ಹಳ್ಳಿಖೇಡ, ಘಾಟಬೋರಾಳ, ಹುಮನಾಬಾದ, ಬಸವಕಲ್ಯಾಣಗಳಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೋ ಪಂಚಾಯಿತಿ ಆಫೀಸಿನ ಮಗ್ಗುಲಿಗೋ ಒಂದು ಝೆರಾಕ್ಸ್ ಮಷಿನ್, ಒಂದು ಕಂಪ್ಯೂಟರ್, ಬೆರಳು ಒತ್ತುವ ಒಂದು ಪುಟ್ಟ ಡಬ್ಬಿ ಇಟ್ಟುಕೊಂಡು ಕೂತಿರುವ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಅರ್ಧ ಮಂದಿ ನನ್ನ ಮುಂದೆ ಪಾಟಿ-ಬಳಪ ಹಿಡಿದು ಕೂತವರು. ಬಾಯಿಗೆ ಏಕವಚನವೇ ಬರುತ್ತದೆ. ಆದರೆ ಈಗ ನಿಮ್ಮ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಲ್ಲುವವನು ನಾನು. ಆದ್ದರಿಂದ ಬಹುವಚನದಲ್ಲೇ ಬರೆಯುತ್ತೇನೆ.

ಹೋದ ತಿಂಗಳು ಒಂದು ಸಂಜೆ ಮಳೆ ಹನಿಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತು ರೂಪಾಯಿಯ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದೆ. ಭಜಿ ಮುಗಿದ ಮೇಲೆ ಕಾಗದ ಉಂಡೆ ಮಾಡಲು ಹೋದರೆ ಎಣ್ಣೆಯೊಳಗಿಂದ ಒಂದು ಮುಖ ನನ್ನನ್ನೇ ನೋಡುತ್ತಿತ್ತು. ಗುರುತಿನ ಹೆಣ್ಣುಮಗಳು, ನಮ್ಮ ಓಣಿಯ ಹಿಂದಿನ ಓಣಿಯವಳು. ಅವಳ ಆಧಾರ್ ಕಾರ್ಡಿನ ಝೆರಾಕ್ಸ್. ಹನ್ನೆರಡು ಅಂಕಿಗಳಲ್ಲಿ ಒಂದೂ ಮಾಸಿರಲಿಲ್ಲ. ಸಹಿ ಬಾರದ ಹೆಂಗಸು ಅವಳು, ಹಾಗಾಗಿ ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಒಂದು ಗೆರೆಯೂ ಅಲುಗಿರಲಿಲ್ಲ, ಅಷ್ಟು ನಿಚ್ಚಳವಾಗಿ ಒತ್ತಿಸಿದ್ದರು. ಯಾವುದೋ ಅರ್ಜಿಗೆ ಎರಡು ಪ್ರತಿ ತೆಗೆದು, ಒಂದು ಸರಿ ಬರಲಿಲ್ಲವೆಂದು ಬದಿಗಿಟ್ಟು, ತಿಂಗಳ ಕೊನೆಗೆ ರದ್ದಿಯ ಜೊತೆ ತೂಕಕ್ಕೆ ಹೋದ ಕಾಗದ ಅದು.

ಯಾರ ಅಂಗಡಿಯದು ಎಂದು ನಾನು ಹುಡುಕಲಿಲ್ಲ. ಹುಡುಕುವುದೂ ಇಲ್ಲ. ಕಾಗದ ಒಯ್ದು ಅವಳಿಗೆ ತೋರಿಸಿದರೆ ನಕ್ಕಳು. "ಎಣ್ಣಿ ಹತ್ಯಾದ ನೋಡ್ರಿ ಸರ, ಇನ್ನೇನ್ ಮಾಡ್ತೀರಿ, ಒಲಿಗ್ ಹಾಕ್ರಿ" ಅಂದಳು. ಅವಳ ಪಾಲಿಗೆ ಅದು ಎಣ್ಣೆ ಹತ್ತಿದ ಕಾಗದ. ನನಗೆ ನಗು ಬರಲಿಲ್ಲ. ಯಾಕೆಂದು ಹೇಳಲಿಕ್ಕೇ ಈ ಪತ್ರ.

2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಹೊಲ, ಸೈಟು, ಮನೆ ನೋಂದಣಿ ಮಾಡಿಸಿಕೊಂಡ ಹಲವರ ಮೊಬೈಲಿಗೆ ಕೆಲವು ದಿನ ಬಿಟ್ಟು ಹಣ ಕಡಿತವಾದ ಸಂದೇಶ ಬರತೊಡಗಿತು. ಒಮ್ಮೆಗೆ ಹೆಚ್ಚೆಂದರೆ 10,000 ರೂಪಾಯಿ. ಅವರಿಗೆ ಒಟಿಪಿ ಬಂದಿರಲಿಲ್ಲ, ಅವರು ಕಾರ್ಡು ಉಜ್ಜಿರಲಿಲ್ಲ, ಯಾರ ಫೋನಿಗೂ ಉತ್ತರ ಕೊಟ್ಟಿರಲಿಲ್ಲ. ಹೋದ ಹಣವೆಲ್ಲ ನಿಮ್ಮ ಅಂಗಡಿಯಲ್ಲಿ ದಿನವೂ ನಡೆಯುವ, ಬೆರಳು ಒತ್ತಿ ಹಣ ತೆಗೆಯುವ ಎಇಪಿಎಸ್ ದಾರಿಯಲ್ಲೇ ಹೋಗಿತ್ತು. ಅದಕ್ಕೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ದಸ್ತಾವೇಜುಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ಅದನ್ನು ಇಳಿಸಿಕೊಂಡು ಬೆರಳಿನ ಅಚ್ಚು ಮಾಡಿ ಎಲ್ಲಿಯೋ ಕೂತು ಮಷಿನ್ನಿಗೆ ಒತ್ತಿದ್ದಾರೆಂಬುದು ಪೊಲೀಸರು ಕಂಡುಕೊಂಡ ದಾರಿ. ಮಂಗಳೂರು ಪೊಲೀಸರು ಬಿಹಾರದವರೆಗೆ ಹೋಗಿ ಆರೋಪಿಗಳನ್ನು ಹಿಡಿದು ತಂದರು. ಆಮೇಲೆ ಇಲಾಖೆ ದಸ್ತಾವೇಜಿನ ಪ್ರತಿಗಳಲ್ಲಿ ಅಂಕಿಯನ್ನೂ ಬೆರಳಚ್ಚನ್ನೂ ಮರೆಮಾಚುವ ಕೆಲಸಕ್ಕೆ ಕೈಹಾಕಿತು.

ಈಗ ಆ ಭಜಿಯ ಕಾಗದವನ್ನು ಇನ್ನೊಮ್ಮೆ ನೋಡಿ. ಅಂಕಿ ಇದೆ, ಹೆಬ್ಬೆಟ್ಟು ಇದೆ. ಬ್ಯಾಂಕಿನ ಹೆಸರು ಹುಡುಕಲು ನಮ್ಮೂರಿನಲ್ಲಿ ಎಷ್ಟು ಹೊತ್ತು ಬೇಕು? ಇಲ್ಲಿ ಇರುವುದೇ ನಾಲ್ಕು ಬ್ಯಾಂಕು. ಹಿಂದೆ ಕನ್ನ ಕೊರೆಯುವವನಿಗೆ ಅಮಾವಾಸ್ಯೆ ಬೇಕಿತ್ತು. ಈಗ ಹಗಲು ಹೊತ್ತಿನಲ್ಲಿ ರದ್ದಿ ಅಂಗಡಿ ಸಾಕು.

ಇನ್ನು ನನ್ನ ಕಥೆ. ಇದನ್ನು ಊರಲ್ಲಿ ಅರ್ಧಮರ್ಧ ಕೇಳಿದವರೇ ಹೆಚ್ಚು, ಪೂರ್ತಿ ಹೇಳಿಬಿಡುತ್ತೇನೆ.

2023ರ ಶ್ರಾವಣ. ಮನೆಯಲ್ಲಿ ಪೂಜೆ ನಡೆದಿತ್ತು. ಫೋನು ಬಂತು. ಹೈದರಾಬಾದಿನ ಹಿಂದಿಯಲ್ಲಿ ಒಬ್ಬ, "ಮಾಸ್ಟರ್ ಸಾಬ್, ಪೈಸೆ ಕಬ್ ಭರೋಗೆ?" ಎಂದ. ಯಾವ ಪೈಸೆ? ನನ್ನ ಕ್ರೆಡಿಟ್ ಕಾರ್ಡಿನ ಬಾಕಿಯಂತೆ, 83,400 ರೂಪಾಯಿ. ಜೀವಮಾನದಲ್ಲಿ ನಾನು ಕಂಡ ಕಾರ್ಡೆಂದರೆ ರೇಷನ್ ಕಾರ್ಡು, ಮತದಾರರ ಕಾರ್ಡು, ಆಧಾರ್, ಪ್ಯಾನ್, ಪೆನ್ಶನ್ ಖಾತೆಯ ಎಟಿಎಂ ಕಾರ್ಡು. "ತಪ್ಪು ನಂಬರಪ್ಪ" ಎಂದು ಇಟ್ಟೆ. ಮರುದಿನ ಮತ್ತೆ ಬಂತು, ಮೂರನೆಯ ದಿನ ರಾತ್ರಿ ಒಂಬತ್ತಕ್ಕೆ ಬಂತು. ನಾಲ್ಕನೆಯ ದಿನ ನನ್ನ ಹಳೆಯ ಶಾಲೆಗೇ ಫೋನು ಹೋಯಿತು. ಅವತ್ತು ಸಂಜೆ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಹಿಂದಿನ ಬೆಂಚಿನಿಂದ ಮಾತು ಕೇಳಿಸಿತು: "ಮಾಸ್ತರ್ ಸಾಲ ಮಾಡಿ ತಲಿ ತಪ್ಪಿಸ್ಲತ್ತಾರಂತ."

ತಮ್ಮಂದಿರೇ, 83,400 ರೂಪಾಯಿ ನನ್ನ ಖಾತೆಯಿಂದ ಹೋಗಿರಲಿಲ್ಲ. ಒಂದು ಪೈಸೆಯೂ ಹೋಗಿರಲಿಲ್ಲ. ಹೋದದ್ದು ಹೆಸರು. ಜೇಬು ಕತ್ತರಿಸಿದರೆ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಹೆಸರು ಕದ್ದರೆ ಊರಿಗೆಲ್ಲ ಗೊತ್ತಾದ ಮೇಲೆ ನಮಗೆ ಗೊತ್ತಾಗುತ್ತದೆ.

ನಾನು ಮಾಡಲು ಹೊರಟ ಮೊದಲ ತಪ್ಪನ್ನೂ ಹೇಳಬೇಕು. ಆ ವಸೂಲಿಯವ ಒಂದು ದಿನ ದನಿ ಮೆತ್ತಗೆ ಮಾಡಿ, "20,000 ಕಟ್ಟಿಬಿಡಿ, ಸೆಟಲ್ ಮಾಡಿಸ್ತೀನಿ" ಎಂದ. ಮರ್ಯಾದೆ ಉಳಿಯುತ್ತದೆಂದು ನಾನು ದುಡ್ಡು ಎಣಿಸಿಯೂ ಇಟ್ಟಿದ್ದೆ. ತಡೆದವಳು ನನ್ನ ಹೆಂಡತಿ. "ಮಾಡದ ಸಾಲ ಕಟ್ಟಿದ್ರ ಮಾಡೀನಿ ಅಂದಂಗಾಯ್ತಲ್ರಿ" ಅಂದಳು. ಮುಂದೆ ವಕೀಲರೊಬ್ಬರು ಅರ್ಧ ಗಂಟೆ ಹೇಳಿದ್ದೂ ಇದನ್ನೇ.

ಹುಮನಾಬಾದಿನಲ್ಲಿ ನಿಮ್ಮಂಥದೇ ಒಂದು ಸೆಂಟರಿನಲ್ಲಿ ಒಬ್ಬ ಹುಡುಗ ನನ್ನನ್ನು ಕೂರಿಸಿಕೊಂಡು ಸಿಬಿಲ್ ವರದಿ ತೆಗೆಸಿಕೊಟ್ಟ. ದೇಶದಲ್ಲಿ ನಮ್ಮ ಸಾಲದ ಜಾತಕ ಬರೆದಿಡುವ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿ ಕೊಡಬೇಕು, 2017ರಿಂದ ರಿಸರ್ವ್ ಬ್ಯಾಂಕಿನ ಕಟ್ಟಳೆ ಇದು. ನನ್ನ ವರದಿಯಲ್ಲಿ ಕಾರ್ಡೊಂದೇ ಅಲ್ಲ, ಮೊಬೈಲ್ ಆ್ಯಪಿನ ಒಂದು ಸಣ್ಣ ಸಾಲವೂ ಕೂತಿತ್ತು. ಆ ಹುಡುಗ ನನ್ನಿಂದ ಪ್ರಿಂಟಿನ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಇಷ್ಟಾದ ಮೇಲೂ ನಿಮ್ಮ ಕಸುಬಿನ ಮೇಲೆ ನನಗೆ ನಂಬಿಕೆ ಇದೆಯೆಂದರೆ ಅದಕ್ಕೆ ಅವನೇ ಕಾರಣ.

ಬ್ಯಾಂಕಿಗೆ ಬರೆದೆ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಕಾಲ್ ಸೆಂಟರಿನಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದು ಹದಿನೈದು ದಿನ ಕಳೆದವು. ಆಮೇಲೆ ಬುದ್ಧಿ ಬಂದು ದೂರು ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಪತ್ರ ಹಾಕಿದೆ. ನಾನು ಅರ್ಜಿ ಹಾಕಿಲ್ಲ. ಹಾಕಿದ್ದೇನೆ ಎನ್ನುವುದಾದರೆ ಆ ಅರ್ಜಿ, ಅದಕ್ಕೆ ಹಚ್ಚಿದ ಕಾಗದ, ಫೋಟೊ, ಮೊಬೈಲ್ ನಂಬರು, ಕಾರ್ಡು ತಲುಪಿಸಿದ ವಿಳಾಸ ತೋರಿಸಿ. ಅಲ್ಲಿಯವರೆಗೆ ವಸೂಲಿ ನಿಲ್ಲಿಸಿ ಎಂದು ಬರೆದೆ. ಬಂದ ಉತ್ತರದಲ್ಲಿ ನನ್ನ ಪ್ಯಾನ್ ಸಂಖ್ಯೆ ನನ್ನದೇ, ಆಧಾರ್ ಸಂಖ್ಯೆ ನನ್ನದೇ, ವಿಳಾಸ ನಾನು ಕಾಲಿಡದ ಊರಿನದು, ಮೊಬೈಲು ಯಾರದೋ. ಫೋಟೊದಲ್ಲಿ ತಲೆತುಂಬ ಕಪ್ಪು ಕೂದಲಿನ ತರುಣ. ನನ್ನ ಹೆಸರಿಗೆ ಮೂವತ್ತರ ಹರೆಯ ಬಂದಿತ್ತು! ಅದನ್ನು ನೋಡಿ ಹೆಂಡತಿ ಎರಡು ದಿನ ನಕ್ಕಳು. ಆ ನಗುವಿನಿಂದಲೇ ನನಗೆ ಧೈರ್ಯ ಬಂದದ್ದು.

ಆಮೇಲೆ ನಡೆದದ್ದು ಕಾಗದದ ಓಡಾಟ. ಊರಿನ ಠಾಣೆಯಲ್ಲಿ, ಸೈಬರ್ ಅಪರಾಧ ನೋಡುವ ಬೀದರಿನ ಸಿಇಎನ್ ಠಾಣೆಗೆ ಹೋಗಿ ಅಂದರು. ಐಟಿ ಕಾಯ್ದೆಯ ತನಿಖೆಯನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಅದಕ್ಕೇ ಸಣ್ಣ ಠಾಣೆಯವರು ಅಲ್ಲಿಗೆ ಕಳಿಸುವುದು. ಬೀದರಿಗೆ ಹೋಗಿ ಬರುವುದೆಂದರೆ ಕೂಲಿಯವನಿಗೆ ಒಂದು ದಿನದ ಪಗಾರ ಹೋದಂತೆ. ಪೆನ್ಶನ್ನಿನವನಾದ ನಾನು ಹೋದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಸರಹದ್ದು ಯಾವುದೇ ಇರಲಿ, ಹತ್ತಿರದ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು. ಇದನ್ನು ನಿಮ್ಮ ಗಿರಾಕಿಗಳಿಗೆ ಹೇಳಿ, ಬಸ್ ಚಾರ್ಜು ಉಳಿಯಲಿ. ಇನ್ನೊಬ್ಬರ ಗುರುತನ್ನು ಕದ್ದು ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಾನೂನಿನಲ್ಲಿ ಇದಕ್ಕೆ ಗುರುತಿನ ಕಳ್ಳತನ ಎಂಬ ಹೆಸರೇ ಇದೆ ಎಂದು ತಿಳಿದ ದಿನ ನನಗೊಂದು ಸಮಾಧಾನ. ಹೋಟೆಲಿನ ಹಿಂದಿನ ಬೆಂಚಿಗೆ ಹೇಳಲು ಒಂದು ಶಬ್ದ ಸಿಕ್ಕಿತು.

ಮೂವತ್ತು ದಿನವಾದರೂ ಬ್ಯಾಂಕಿನಿಂದ ಸರಿಯಾದ ಉತ್ತರ ಬರಲಿಲ್ಲ. ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆ. 2021ರ ನವೆಂಬರಿನಿಂದ ದೇಶಕ್ಕೆಲ್ಲ ಒಂದೇ ಬಾಗಿಲು ಮಾಡಿದ್ದಾರೆ. ಆನ್‌ಲೈನಿನಲ್ಲೂ ಕೊಡಬಹುದು, ಕೈಯಲ್ಲಿ ಬರೆದು ಚಂಡೀಗಢಕ್ಕೆ ಅಂಚೆಗೂ ಹಾಕಬಹುದು, ಫೀಸು ಇಲ್ಲ. ಕೇಳದ ಕಾರ್ಡು ಕೊಡಬಾರದು, ಕೊಟ್ಟು ಬಿಲ್ಲು ಹಾಕಿದರೆ ಬಿಲ್ಲು ತೆಗೆದುಹಾಕುವುದಷ್ಟೇ ಅಲ್ಲ, ಅದರ ಎರಡು ಪಟ್ಟು ದಂಡ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಲ್ಲಿದೆ. ಅದೇ ವರ್ಷದ ಆಗಸ್ಟಿನ ಇನ್ನೊಂದು ಸುತ್ತೋಲೆಯಂತೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಇವೆರಡನ್ನೂ ದೂರಿನಲ್ಲಿ ಬರೆದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಹೊತ್ತಿಗೆ ಕಾರ್ಡಿನ ಬಾಕಿ ಅಳಿಸಿದ ಪತ್ರ ಬಂತು. ಆ್ಯಪಿನ ಸಾಲ ಅಳಿಯಲು ಯುಗಾದಿಯಾಯಿತು. ಈಗ ಹಾಗಿಲ್ಲ. ವರದಿಯಲ್ಲಿನ ತಪ್ಪನ್ನು ಮೂವತ್ತು ದಿನದಲ್ಲಿ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂತು. ನನ್ನ ಕೆಲಸ ಮುಗಿದ ಮೇಲೆ! ಇರಲಿ, ನಿಮ್ಮ ಗಿರಾಕಿಗಾದರೂ ಸಿಗಲಿ.

ನನ್ನ ಹೆಸರು ಎಲ್ಲಿ ಸೋರಿತು? ಇವತ್ತಿಗೂ ಗೊತ್ತಿಲ್ಲ. ಆ ವರ್ಷ ಎಲ್ಲೆಲ್ಲಿ ಝೆರಾಕ್ಸ್ ಕೊಟ್ಟಿದ್ದೆನೆಂದು ಒಂದು ರಾತ್ರಿ ಕೂತು ಪಟ್ಟಿ ಮಾಡಿದೆ. ಗ್ಯಾಸು, ಸಿಮ್ಮು, ಬೆಳೆವಿಮೆ, ಕಬ್ಬಿನ ನೋಂದಣಿ, ಸಹಕಾರ ಸಂಘ, ತುಳಜಾಪುರದ ಒಂದು ಲಾಡ್ಜು, ಹೈದರಾಬಾದಿನ ಒಂದು ದವಾಖಾನೆ, ಮೊಮ್ಮಗನ ಶಾಲೆ... ಹನ್ನೊಂದಾಯಿತು. ಹನ್ನೊಂದರಲ್ಲಿ ಒಂದೂ ಕಡೆ ನಾನು ಆ ಪ್ರತಿಯ ಮೇಲೆ ಇದು ಯಾವ ಕೆಲಸಕ್ಕೆ, ಯಾವ ತಾರೀಖಿಗೆ ಎಂದು ಅಡ್ಡ ಬರೆದಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ "ಉತ್ತರಪತ್ರಿಕೆಯಲ್ಲಿ ಖಾಲಿ ಜಾಗ ಬಿಡಬೇಡ್ರೋ, ಗೆರೆ ಹೊಡೀರಿ" ಎಂದು ಹೇಳಿದ ಮನುಷ್ಯ ನಾನು.

ಇದು ಪೇಟೆಯವರ ತಂಟೆ, ನಮಗೆಲ್ಲಿಯ ಕ್ರೆಡಿಟ್ ಕಾರ್ಡು ಎನ್ನುವವರಿದ್ದೀರಿ. 1998ರಿಂದ ನಮ್ಮ ಹೊಲಗಳಿಗೆ ಒಂದು ಕ್ರೆಡಿಟ್ ಕಾರ್ಡು ಇದೆ, ಅದರ ಹೆಸರು ಕಿಸಾನ್ ಕ್ರೆಡಿಟ್ ಕಾರ್ಡು. ತೊಗರಿಗೂ ಸೋಯಾಕ್ಕೂ ಕಬ್ಬಿಗೂ ನಾವು ತರುವ ಬೆಳೆಸಾಲ ಅದರದೇ. ಬೀದರಿನಿಂದ ಉದಗೀರ, ಪರಳಿ ದಾಟಿ ಹೋಗುವ ರೈಲಿನಲ್ಲಿ ಗಂಗಾಖೇಡ ಎಂಬ ಊರು ಸಿಗುತ್ತದೆ. ನಮ್ಮದೇ ಕರಿಮಣ್ಣು, ನಮ್ಮದೇ ಕಬ್ಬು. ಅಲ್ಲಿಯ ಸಕ್ಕರೆ ಕಾರ್ಖಾನೆಯವರು ರೈತರು ಕೊಟ್ಟ ಕಾಗದಗಳನ್ನು ಬಳಸಿ, ರೈತರ ಹೆಸರಿನಲ್ಲೇ ಬ್ಯಾಂಕುಗಳಿಂದ ಸುಮಾರು 328 ಕೋಟಿ ರೂಪಾಯಿ ಎತ್ತಿದ್ದಾರೆಂಬ ಆರೋಪ ಬಂತು. ರೈತರಿಗೆ ವಿಷಯ ತಿಳಿದದ್ದು ಮನೆಗೆ ಬ್ಯಾಂಕಿನ ನೋಟೀಸು ಬಂದಾಗ. ಜಾರಿ ನಿರ್ದೇಶನಾಲಯ 2020ರಲ್ಲಿ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು. ಉತ್ತರ ಪ್ರದೇಶದ ಸಿಂಭಾವಲಿ ಸಕ್ಕರೆ ಕಾರ್ಖಾನೆಯ ಮೇಲೆ 2018ರಲ್ಲಿ ಸಿಬಿಐ ಹೂಡಿದ ಮೊಕದ್ದಮೆಯೂ ಇಂಥದ್ದೇ: 5,762 ಕಬ್ಬಿನ ರೈತರ ಹೆಸರಿಗೆ ಬಂದ 148.60 ಕೋಟಿ ಸಾಲ ಬೇರೆಡೆ ಹರಿಯಿತೆಂಬ ದೂರು. ತೀರ್ಪು ಕೋರ್ಟಿನ ಕೆಲಸ, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಈ ಎರಡರಲ್ಲೂ ಕಂಪ್ಯೂಟರಿಗೆ ಕನ್ನ ಹಾಕುವ ಚತುರ ಹುಡುಗರು ಎಲ್ಲಿದ್ದಾರೆ? ಇರುವುದು ಪಹಣಿ, ಆಧಾರ್, ಫೋಟೊ, ಹೆಬ್ಬೆಟ್ಟು. ಎಲ್ಲವೂ ನಿಮ್ಮ ಮಷಿನ್ನಿನ ಗಾಜಿನ ಮೇಲೆ ಮಲಗಿ ಎದ್ದು ಹೋಗುವಂಥವು.

ಕಾಗದ ಹಾಯುವ ದಾರಿ ನೀವು. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಗೆ ಒಮ್ಮೆ ಈ ಝೆರಾಕ್ಸಿನ ಭಯ ಬಂದಿತ್ತು. 2022ರ ಮೇ 27ರಂದು, ಆಧಾರಿನ ಝೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕೇ ಅಂಕಿ ಕಾಣುವ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ದೇಶವೆಲ್ಲ ಗಾಬರಿಯಾಯಿತು. ಜನ ತಪ್ಪು ತಿಳಿಯಬಹುದೆಂದು ದಿಲ್ಲಿಯವರು ಎರಡೇ ದಿನಕ್ಕೆ ಅದನ್ನು ವಾಪಸು ಪಡೆದರು. ಬೆಂಗಳೂರಿನವರು ಹೇಳಿದ್ದರಲ್ಲಿ ತಪ್ಪೇನಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾಲ್ಕು ಅಂಕಿಯ ಆಧಾರ್ ಈಗಲೂ ಸಿಗುತ್ತದೆ, ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ಗಿರಾಕಿಗೆ ತೆಗೆದುಕೊಟ್ಟಿದ್ದೀರಿ?

ಒಟಿಪಿಯ ವಿಷಯಕ್ಕೆ ಬರುತ್ತೇನೆ. "ಒಟಿಪಿಯನ್ನು ಯಾರಿಗೂ ಹೇಳಬೇಡಿ" ಎಂದು ರೇಡಿಯೊ ಹೇಳುತ್ತದೆ, ಫೋನಿನ ರಿಂಗಿಗೆ ಮುಂಚೆ ಒಂದು ದನಿ ಹೇಳುತ್ತಿತ್ತು, ಬ್ಯಾಂಕಿನ ಗೋಡೆ ಹೇಳುತ್ತದೆ. ನಮ್ಮೂರಿನಲ್ಲಿ ಈ ಮಾತಿಗೆ ಅರ್ಥವೇ ಇಲ್ಲ. ಗೃಹಲಕ್ಷ್ಮಿಗೆ ಒಟಿಪಿ, ಪಿಎಂ ಕಿಸಾನಿಗೆ ಒಟಿಪಿ, ಬೆಳೆವಿಮೆಗೆ ಒಟಿಪಿ, ಮಗಳ ಸ್ಕಾಲರ್‌ಶಿಪ್ಪಿಗೆ ಒಟಿಪಿ. ಓದು ಬಾರದ ಅವ್ವ ಫೋನನ್ನೇ ನಿಮ್ಮ ಕೈಗೆ ಕೊಟ್ಟು "ನೀನೇ ನೋಡಪಾ" ಅನ್ನುತ್ತಾಳೆ. ಸರ್ಕಾರವೇ ಅವಳನ್ನು ನಿಮ್ಮ ಹತ್ತಿರ ಕಳಿಸಿ ಒಟಿಪಿ ಹೇಳಿಸುತ್ತದೆ, ಮತ್ತೆ ಯಾರಿಗೂ ಹೇಳಬೇಡ ಎಂದೂ ಹೇಳುತ್ತದೆ. ಹೀಗೆ ದಿನಕ್ಕೆ ಮೂರು ಸಲ ಹೇಳಿ ರೂಢಿಯಾದ ಬಾಯಿ, ನಾಲ್ಕನೆಯ ಸಲ ಕಳ್ಳ ಕೇಳಿದಾಗ ಮುಚ್ಚಿಕೊಳ್ಳುವುದು ಹೇಗೆ? ಅವಳನ್ನು ದಡ್ಡಿ ಅನ್ನುವವರು ಒಂದು ದಿನ ನಿಮ್ಮ ಅಂಗಡಿಯಲ್ಲಿ ಕೂರಬೇಕು.

ಹಾಗಾಗಿ ನಿಮ್ಮಿಂದ ನನ್ನ ದೊಡ್ಡ ಬೇಡಿಕೆ ಇದು. ಒಟಿಪಿ ಬಂದಾಗ ಅಂಕಿಯಷ್ಟನ್ನೇ ನೋಡಿ ಒತ್ತಬೇಡಿ, ಸಂದೇಶವನ್ನು ಪೂರ್ತಿ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ: "ಅವ್ವಾ, ಇದು ಆಧಾರದ್ದು, ಫಾರ್ಮಿಗೆ ಬಂದದ್ದು." "ಕಾಕಾ, ಇದು ಫಾರ್ಮಿಂದಲ್ಲ, ರೊಕ್ಕ ಹೋಗೋದು, ನೀವು ಯಾರಿಗರೆ ಕೊಡಬೇಕೇನು?" ತಿಂಗಳೊಪ್ಪತ್ತಿನಲ್ಲಿ ಆ ಅವ್ವನಿಗೆ ಒಟಿಪಿಗಳಲ್ಲಿ ಎರಡು ಜಾತಿ ಇವೆ ಎಂಬುದು ಕಿವಿಯಿಂದಲೇ ತಿಳಿಯುತ್ತದೆ. ಅಕ್ಷರ ಬಾರದವರಿಗೆ ಕಿವಿ ಚುರುಕು. ನಾನು ಅನಕ್ಷರಸ್ಥರ ರಾತ್ರಿಶಾಲೆ ನಡೆಸಿದವನು, ಅನುಭವದಿಂದ ಹೇಳುತ್ತಿದ್ದೇನೆ.

ಬೆರಳಿನ ಮಷಿನ್ ಇದ್ದವರು ಇದನ್ನೂ ಕೇಳಿ. "ಸರ್ವರ್ ಡೌನ್ ಅದ, ಇನ್ನೊಮ್ಮೆ ಒತ್ತು" ಎಂದು ಎರಡು ಸಲ ಒತ್ತಿಸಿ, ಎರಡನೆಯದನ್ನು ತಮ್ಮ ಜೇಬಿಗೆ ಇಳಿಸಿದವರು ದೇಶದಲ್ಲಿ ಸಿಕ್ಕಿಬಿದ್ದಿದ್ದಾರೆ. ನೀವು ಅಂಥವರಲ್ಲ. ಆದರೆ ಒಬ್ಬ ಮಾಡಿದ್ದಕ್ಕೆ ಊರು ಹತ್ತು ಮಂದಿಯನ್ನು ಅನುಮಾನಿಸುತ್ತದೆ, ನನ್ನನ್ನು ಅನುಮಾನಿಸಿದಂತೆ. ಮೊದಲ ಸಲ ಆಗದಿದ್ದರೆ ಆಗಲಿಲ್ಲವೆಂಬ ಚೀಟಿಯನ್ನೂ ಕೊಡಿ. ಉಳಿದ ಬಾಕಿಯನ್ನು ಗಟ್ಟಿಯಾಗಿ ಹೇಳಿ. ಎಇಪಿಎಸ್ ನಡೆಸುವವರ ಪೂರ್ವಾಪರವನ್ನು ಬ್ಯಾಂಕುಗಳು ಸರಿಯಾಗಿ ವಿಚಾರಿಸಬೇಕು, ಮೂರು ತಿಂಗಳು ವ್ಯವಹಾರ ಮಾಡದವರ ಕೆವೈಸಿ ಮತ್ತೆ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನಿನಲ್ಲಿ ಹೇಳಿ, 2026ರ ಜನವರಿ 1ರಿಂದ ಜಾರಿಗೆ ತಂದಿದೆ. ಅದನ್ನು ಕಿರಿಕಿರಿ ಎನ್ನಬೇಡಿ, ನಿಮ್ಮ ಹೆಸರಿಗೂ ಅದು ಕಾವಲು.

ನಿಮ್ಮ ಬೆರಳ ತುದಿಯಲ್ಲೇ ಇರುವ ಎರಡು ಕೆಲಸಗಳಿವೆ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಬೀಗ ಇದ್ದಾಗ ಅಚ್ಚು ಮಾಡಿದವನ ರಬ್ಬರು ಬೆರಳು ಬರೀ ರಬ್ಬರು. ರೇಷನ್ನಿಗೆ ತಿಂಗಳಿಗೊಮ್ಮೆ ಬೆರಳಿಡುವವರಿಗೆ ಇದು ತೊಡಕೇ, ಆ ದಿನ ನೀವೇ ತೆಗೆದುಕೊಡಬೇಕಾಗುತ್ತದೆ. ಆದರೆ ಖಾತೆಯಲ್ಲಿ ಜಮೀನು ಮಾರಿದ ದುಡ್ಡು ಇಟ್ಟವರಿಗೆ, ಎಇಪಿಎಸ್ಸನ್ನು ಎಂದೂ ಬಳಸದ ಪೆನ್ಶನ್ನಿನವರಿಗೆ ಹಾಕಿಕೊಡಿ. ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ಇನ್ನೊಂದು, 2023ರ ಮೇ ತಿಂಗಳಿನಿಂದ ಇರುವ ಸಂಚಾರ್ ಸಾಥಿ. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ಮು ಓಡುತ್ತಿವೆ ಎಂದು ಅದು ತೋರಿಸುತ್ತದೆ. ಮನೆಗೆ ಹೊಲಕ್ಕೆ ಸೇರಿ ಒಂದೇ ಫೋನಿರುವ ಮುದುಕನ ಹೆಸರಿನಲ್ಲಿ ನಾಲ್ಕು ಸಿಮ್ಮು ಕಂಡರೆ, ನನ್ನದಲ್ಲ ಎಂದು ಅಲ್ಲೇ ಒತ್ತಿ ತೆಗೆಸಬಹುದು. ಸಿಮ್ಮು ಮಾರುವವರು "ಬೆರಳು ಬರಲಿಲ್ಲ" ಎಂದು ಇನ್ನೊಮ್ಮೆ ಒತ್ತಿಸಿದ್ದು ಎಲ್ಲಿಗೆ ಹೋಯಿತೆಂದು ಆಗ ಗೊತ್ತಾಗುತ್ತದೆ.

ಹೈದರಾಬಾದು, ಪುಣೆಗೆ ದುಡಿಯಲು ಹೋಗುವ ಹುಡುಗರೂ ನಿಮ್ಮ ಅಂಗಡಿಗೇ ಬರುತ್ತಾರೆ. "ಖಾತೆ ತೆಗೆದುಕೊಡು, ಎಟಿಎಂ ನನಗೆ ಕೊಡು, ತಿಂಗಳಿಗಿಷ್ಟು ಕೊಡ್ತೀನಿ" ಎನ್ನುವವರು ಅವರ ಬೆನ್ನು ಹತ್ತಿದ್ದಾರೆ. ಯಾರದೋ ಕಣ್ಣೀರಿನ ಹಣ ಆ ಖಾತೆಯಿಂದ ಹಾಯ್ದು ಹೋಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರದೋ ಅವರ ಮನೆಗೆ. ಇದೂ ಹೆಸರು ಮಾರಿಕೊಂಡ ಕಥೆಯೇ. ಫಾರ್ಮು ತುಂಬುವ ಮುಂಚೆ ಎರಡು ಮಾತು ಹೇಳಿ.

ಈಗ ಹಣ ಹೋದ ಮೊದಲ ಗಂಟೆಯ ಮಾತು. ಹಣ ಹೋದವನು ಮೊದಲು ಓಡಿ ಬರುವುದು ಬ್ಯಾಂಕಿಗಲ್ಲ, ಠಾಣೆಗಲ್ಲ, ನಿಮ್ಮ ಅಂಗಡಿಗೆ. ಅಳುತ್ತ ಬರುತ್ತಾನೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು, ನಾಚಿಕೆಯಿಂದ ಮೂರು ದಿನ ಬಿಟ್ಟು ಬರುತ್ತಾನೆ. ಆ ಹೊತ್ತಿನಲ್ಲಿ "ಹೆಂಗ್ ಹೇಳಿದ್ರಿ ಕಾಕಾ ಒಟಿಪಿ?" ಎಂದು ಕೇಳಬೇಡಿ, ಅದಕ್ಕೆ ಆಮೇಲೆ ಹೊತ್ತು ಇದೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಹಚ್ಚಿ. ಖಾತೆ ಸಂಖ್ಯೆ, ಹೋದ ಮೊತ್ತ, ವೇಳೆ, ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ, ಇಷ್ಟನ್ನು ಅವನ ಫೋನಿನಿಂದ ನೀವೇ ಓದಿ ಹೇಳಿ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತದೆ. ಅದು ನೋಟಾಗಿ ಹೊರಬೀಳುವ ಮುಂಚೆ ಎಲ್ಲಿ ಸಿಕ್ಕರೆ ಅಲ್ಲಿ ಅದನ್ನು ಕಟ್ಟಿಹಾಕುವುದು ಆ ಸಂಖ್ಯೆಯ ಕೆಲಸ. ಹತ್ತು ನಿಮಿಷಕ್ಕೂ ಹತ್ತು ತಾಸಿಗೂ ಇರುವ ಅಂತರ ಅದು. ಆಮೇಲೆ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡು ಬಂದ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಡಿ.

ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದ ಮಾತನ್ನು ನಿಮ್ಮ ಗೋಡೆಗೆ ಅಂಟಿಸಬೇಕು. ತಪ್ಪು ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವನಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಜನಧನದಂಥ ಸರಳ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿಯವರೆಗೆ ಹೊರೆ. ಆಮೇಲೆ ಬ್ಯಾಂಕಿನ ಮರ್ಜಿ. ತಿಳಿಸಿದ ಹತ್ತು ಕೆಲಸದ ದಿನದಲ್ಲಿ ಹಣ ಖಾತೆಗೆ ತಾತ್ಕಾಲಿಕವಾಗಿ ಮರಳಬೇಕು, 90 ದಿನದಲ್ಲಿ ಇತ್ಯರ್ಥವಾಗಬೇಕು. ಗಿರಾಕಿಯದೇ ತಪ್ಪು ಎನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದದ್ದು ಬ್ಯಾಂಕು. ತಾನೇ ಒಟಿಪಿ ಹೇಳಿದವನಿಗೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ, ಅದನ್ನು ಮುಚ್ಚಿಡಬೇಡಿ. ಆದರೆ ತಿಳಿಸಿದ ಮರುಗಳಿಗೆಯಿಂದ ಹೋದದ್ದು ಬ್ಯಾಂಕಿನದು. ಅವನಿಗೂ ಬೇಗ ಹೇಳುವುದರಲ್ಲೇ ಲಾಭ.

ನಾವಿರುವುದು ಬಸವಕಲ್ಯಾಣದ ನೆರಳಿನಲ್ಲಿ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರ ಬರಿದಾಗಿದೆಯೆಂದು ಚಾಡಿ ಹೇಳಿದಾಗ ಲೆಕ್ಕ ಒಪ್ಪಿಸಿ ಬಾಯಿ ಮುಚ್ಚಿಸಿದ ಕಥೆಯನ್ನು ನಿಮಗೆ ಆರನೇ ಇಯತ್ತೆಯಲ್ಲಿ ಹೇಳಿದ್ದೆ. ಒಬ್ಬೊಬ್ಬ ಶರಣರಿಗೂ ಒಂದೊಂದು ಅಂಕಿತವಿತ್ತೆಂದೂ ಹೇಳಿದ್ದೆ. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಒಬ್ಬರ ಅಂಕಿತ ಹಾಕಿ ಇನ್ನೊಬ್ಬರು ಬರೆದ ಖೋಟಾ ವಚನಗಳನ್ನು ಆರಿಸಿ ತೆಗೆಯಲು ವಿದ್ವಾಂಸರು ವರ್ಷಗಟ್ಟಲೆ ತಾಳೆಗರಿ ತಿರುವಿ ಹಾಕಬೇಕಾಯಿತು. ನನ್ನ ಎರಡು ಖೋಟಾ ಸಾಲ ತೆಗೆಸಲು ಎಂಟು ತಿಂಗಳು ಹಿಡಿದಾಗ ನನಗೆ ಅವರದೇ ನೆನಪು. ಈ ಹೋಬಳಿಯ ಸಾವಿರಾರು ಮಂದಿಯ ಅಂಕಿತ ಈಗ ನಿಮ್ಮ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ, ವಾಟ್ಸ್ಯಾಪಿನಲ್ಲಿ, ಮೇಜಿನ ಕೆಳಗಿನ ಡಬ್ಬಿಯಲ್ಲಿ ಬಿದ್ದಿದೆ. ಯಾರೂ ನೇಮಿಸದಿದ್ದರೂ ಭಂಡಾರಿ ನೀವೇ ಆಗಿದ್ದೀರಿ.

ಸಂಜೆ ಶಟರ್ ಎಳೆಯುವ ಮುಂಚೆ ಆ ಫೋಲ್ಡರ್ ಖಾಲಿ ಮಾಡಿ, ವಾಟ್ಸ್ಯಾಪಿನ ಪಿಡಿಎಫ್‌ಗಳನ್ನು ಅಳಿಸಿ. ಕೊಡುವ ಪ್ರತಿ ಝೆರಾಕ್ಸಿನ ಮೇಲೆ ಕೆಲಸ, ತಾರೀಖು ಅಡ್ಡ ಬರೆದುಕೊಡಿ, ಒಂದು ಪೆನ್ನಿನ ಖರ್ಚು. ಕೆಟ್ಟ ಪ್ರತಿಗಳನ್ನು ಹರಿಯುವ ತೊಂದರೆ ನಿಮಗೆ ಬೇಡ, ಒಂದು ಚೀಲದಲ್ಲಿ ಹಾಕಿಡಿ. ಪ್ರತಿ ಶನಿವಾರ ಸಂಜೆ ನಾನು ಸೈಕಲ್ ತಗೊಂಡು ಬರುತ್ತೇನೆ. ಕೆ.ಜಿ.ಗೆ ರದ್ದಿಯವನು ಎಷ್ಟು ಕೊಡುತ್ತಾನೋ ಅಷ್ಟೇ ನಾನೂ ಕೊಡುತ್ತೇನೆ. ಪೆನ್ಶನ್ನಿನಲ್ಲಿ ಅಷ್ಟು ಸಾಲುತ್ತದೆ. ಮನೆಯಲ್ಲಿ ನೀರೊಲೆ ಇನ್ನೂ ಉರಿಯುತ್ತದೆ, ಚಳಿಗಾಲವೂ ಬಂತು.

ಇಂತಿ,
ನಿಮ್ಮ ಹಳೆಯ ಮಾಸ್ತರ

ತಾ.ಕ.: ಈ ಯೋಜನೆಯನ್ನು ಭಜಿ ಅಂಗಡಿಯವನಿಗೆ ಮೊದಲೇ ಹೇಳಿದೆ. ಬಾಂಡ್ಲಿಯಿಂದ ಜಾಲರಿ ಎತ್ತಿ ಹಿಡಿದು, "ಎಲ್ಲಾ ರದ್ದಿ ನೀವೇ ಒಯ್ದ್ರ ನಾ ಭಜಿ ಯಾತರಾಗ ಕಟ್ಲಿ ಸರ?" ಅಂದ. ಹಳೆಯ ದಿನಪತ್ರಿಕೆ ಇದ್ದವರು ಅವನಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳಿ.